ಸೀನಬಾರದ ಓಣಿ

ನನ್ನ ಹೆಂಡತಿ ಪಾರ್ವತೆಮ್ಮನ ಸೀನು ಮಸ್ಕಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು. ಮೊದಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು, ಅಷ್ಟರಲ್ಲಿ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಹೋಗಿರುತ್ತಿತ್ತು. ಬಸ್ ಸ್ಟ್ಯಾಂಡ್ ಎದುರಿನ ನನ್ನ ಸೈಕಲ್ ಶಾಪಿಗೂ ಕೇಳಿಸುತ್ತದೆ ಎಂದು ಬಾಳೆಹಣ್ಣಿನ ಬಂಡಿಯ ಬುಡ್ಡೇಸಾಬ್ ಹೇಳುತ್ತಿದ್ದ. ಅದು ಅವನ ಬಾಯಿಬಡಕತನ. ಆದರೆ ಯಾರಾದರೂ ಊರಿಗೆ ಹೊರಟಾಗ ಅವಳು ಸೀನಿದರೆ ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದುದು ಮಾತ್ರ ನಿಜ. ಸಿಂಧನೂರಿನ ಬಸ್ಸು ತಪ್ಪಿಸಿಕೊಂಡವರೆಲ್ಲ ನನ್ನ ನಶ್ಯದ ಡಬ್ಬಿಗೆ ಶಾಪ ಹಾಕುತ್ತಿದ್ದರು. ನಶ್ಯ ಏರಿಸುವವನು ನಾನು, ಸೀನುವವಳು ಅವಳು. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಇದೇ ವ್ಯವಸ್ಥೆ.

ಎದುರು ಮನೆ ಗ್ಯಾನಮ್ಮನದು. ಅವಳ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು. ಕಂಪನಿಯ ಮನೆಯಲ್ಲಿದ್ದು ರಜೆಗೊಮ್ಮೆ ಬಂದು ಹೋಗುತ್ತಿದ್ದ. ಗ್ಯಾನಮ್ಮ ಇಲ್ಲಿ ಖಾರ ಕುಟ್ಟಿ ಮಾರುತ್ತಿದ್ದಳು. ಶಿವರಾತ್ರಿ ಮುಗಿದು ಬಿಸಿಲು ಏರಿತೆಂದರೆ ಅವಳ ಅಂಗಳದಲ್ಲಿ ಮೆಣಸಿನಕಾಯಿ ರಾಶಿ ಬೀಳುತ್ತಿತ್ತು, ಯುಗಾದಿಯವರೆಗೆ ಒನಕೆಯ ಸದ್ದು ನಿಲ್ಲುತ್ತಿರಲಿಲ್ಲ. ಗಿರಣಿಯ ಖಾರಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ ಎಂದು ಓಣಿಯವರೆಲ್ಲ ಅವಳ ಹತ್ತಿರವೇ ವರ್ಷದ ಖಾರ ಕುಟ್ಟಿಸುತ್ತಿದ್ದರು. ನಾವೂ ಅಷ್ಟೇ. ಪಾರ್ವತಿ ಮತ್ತು ಅವಳು ಅಕ್ಕ-ತಂಗಿ ಇದ್ದಂತೆ ಇದ್ದರು. ಗ್ಯಾನಮ್ಮನ ಮಗಳ ಕುಬಸದ, ಅಂದರೆ ಸೀಮಂತದ, ದಿನದವರೆಗೆ.

ಕುಬಸದ ದಿನ ಬಾಗಿಲಲ್ಲಿ ಬಾಜಾ ಬಜಂತ್ರಿ ಕಿವಿ ಹರಿಯುವಂತೆ ಮೊಳಗುತ್ತಿತ್ತು. ಬಂದ ಮುತ್ತೈದೆಯರಿಗೆ ಕುಂಕುಮ ಹಚ್ಚಲು ಗ್ಯಾನಮ್ಮ ಬಾಗಿಲ ಬಲಕ್ಕೆ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಹೆಂಡತಿ ನೇರ ಮೂಗಿನ ಗುರಿ ಹಿಡಿದು ಒಳಗೆ ನಡೆದಳು. ಭುಜ ತಗುಲಿ ತಟ್ಟೆ ಓರೆಯಾಯಿತು, ಕುಂಕುಮ ನೆಲಕ್ಕೆ ಚೆಲ್ಲಿತು. ಬಸುರಿ ಮಗಳ ಕಾರ್ಯದಲ್ಲಿ, ಇಡೀ ಓಣಿಯ ಹೆಂಗಸರ ಮುಂದೆ! ಇವಳು ತಿರುಗಿಯೂ ನೋಡದೆ ಹೋಗಿ ಚಾಪೆಯ ಮೇಲೆ ಕುಳಿತಳು. ಮನೆಗೆ ಬಂದು ನನ್ನೆದುರು ಕಣ್ಣೀರು ಹಾಕಿದವಳೂ ಇವಳೇ. "ಅಷ್ಟು ಮಂದಿಗೆ ಕುಂಕುಮ ಹಚ್ಚಿದಾಕಿ ನನಗ ಹಚ್ಚಲಿಲ್ಲರೀ. ಬಾಗಲದಾಗ ಒಂದು ಮಾತೂ ಆಡಲಿಲ್ಲ" ಅಂದಳು. ಎದುರು ಮನೆಯಲ್ಲಿ ಪಾರ್ವತಿ ಸೊಕ್ಕಿನಿಂದ ಚೆಲ್ಲಿದಳು ಎಂಬ ಸಿಟ್ಟು, ನಮ್ಮ ಮನೆಯಲ್ಲಿ ಗ್ಯಾನಮ್ಮ ಹಚ್ಚಲೇ ಇಲ್ಲ ಎಂಬ ದುಃಖ. ಇಬ್ಬರ ಮಾತನ್ನೂ ಕೇಳಿದ ಬುಡ್ಡೇಸಾಬ್ ತಲೆ ಕೆರೆದುಕೊಂಡ. "ಆದೆಪ್ಪಣ್ಣ, ಇಬ್ಬರೂ ಸುಳ್ಳು ಹೇಳೋರಲ್ಲ. ಹಂಗಾರ ಕುಂಕುಮ ಚೆಲ್ಲಿದ್ದು ಯಾರು?" ಎಂದ. 

ಮಗಳು ಸುಖವಾಗಿ ಹಡೆದಳು, ಆದರೆ ಮಾತು ನಿಂತದ್ದು ನಿಂತೇ ಹೋಯಿತು. ಎದುರು ಬದುರು ಮನೆಗಳವರು ಮಾತು ಬಿಟ್ಟರೆ ನಮ್ಮ ಕಡೆ ಒಂದು ಪದ್ಧತಿ ಇದೆ: ಹೇಳಬೇಕಾದ್ದನ್ನು ಇನ್ಯಾರಿಗೋ ಹೇಳುವುದು, ಕೇಳಬೇಕಾದವರು ಕೇಳಿಸಿಕೊಳ್ಳುವುದು. ಗ್ಯಾನಮ್ಮ ತನ್ನ ಆಡಿಗೆ ಹೇಳುತ್ತಿದ್ದಳು. ಬೆಳ್ಳಿ ಎಂದು ಅದರ ಹೆಸರು. "ಏ ಬೆಳ್ಳಿ, ಕೆಲವರ ಮನಿ ಮುಸುರಿ ನೀರು ನಮ್ಮ ಅಂಗಳಕ್ಕ ಹರಿಯಾಕತ್ತೈತಿ ನೋಡು" ಎನ್ನುತ್ತಿದ್ದಳು. ನಾನು ಹೋಗಿ ಮೋರಿ ಸರಿ ಮಾಡುತ್ತಿದ್ದೆ. ನಮ್ಮ ಮನೆಯಲ್ಲಿ ಆಡು ಇರಲಿಲ್ಲವಾದ್ದರಿಂದ ನಾನು ನನ್ನ ಸೈಕಲ್ಲಿಗೆ ಹೇಳುತ್ತಿದ್ದೆ. ಬೆಳ್ಳಿಯಾದರೂ ಕಿವಿ ಆಡಿಸುತ್ತಿತ್ತು, ಸೈಕಲ್ಲಿಗೆ ಅದೂ ಇಲ್ಲ.

ಎರಡು ವರ್ಷ ಹೀಗೆಯೇ ಕಳೆಯಿತು. ಅಷ್ಟರಲ್ಲಿ ಪಾರ್ವತಿಯ ನಡಿಗೆ ವಿಚಿತ್ರವಾಗುತ್ತ ಹೋಯಿತು. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುವಳು. ರಸ್ತೆ ಬದಿಗೆ ಕಟ್ಟಿದ ಎಮ್ಮೆಗೆ ಹೋಗಿ ಹಾಯುವಳು, ಆಮೇಲೆ ಎಮ್ಮೆಗೇ ಬೈಯುವಳು. ಮಂದಿ ಎಲ್ಲಿಂದಲೋ ದೆವ್ವದಂತೆ ಧುತ್ತೆಂದು ಎದುರಿಗೆ ಬರುತ್ತಾರೆ ಎನ್ನುವಳು. ಸೂಜಿಗೆ ದಾರ ಮಾತ್ರ ಒಂದೇ ಸಲಕ್ಕೆ ಪೋಣಿಸುವಳು! ವಯಸ್ಸಾಯಿತು ಬಿಡು ಎಂದು ನಾನು ನಗುತ್ತಿದ್ದೆ. ತಲೆನೋವು ಶುರುವಾಗಿ, ಅದು ಬೆಳಗಿನಿಂದ ಸಂಜೆಯವರೆಗೂ ಬಿಡದಿದ್ದಾಗ ನಗು ನಿಂತಿತು. ಲಿಂಗಸುಗೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಅವಳೆದುರು ಕುಳಿತು ಎರಡೂ ಕೈಗಳನ್ನು ಅಗಲಕ್ಕೆ ಚಾಚಿದರು. "ನನ್ನ ಮೂಗು ಅಷ್ಟೇ ನೋಡ್ರಿ, ಅಮ್ಮ. ಬೆರಳು ಅಲ್ಲಾಡೋದು ಕಂಡ ಕೂಡಲೇ ಹೇಳ್ರಿ."

"ಯಾವ ಬೆರಳು?" ಎಂದಳು ಪಾರ್ವತಿ.

ಡಾಕ್ಟರು ಬೆರಳಾಡಿಸುತ್ತ ಕೈಗಳನ್ನು ಒಳಕ್ಕೆ ತಂದರು. ಇನ್ನೂ ಒಳಕ್ಕೆ ತಂದರು. ನನಗೆ ತಡೆಯಲಾಗಲಿಲ್ಲ. "ಏ, ಅಲ್ಲೇ ಐತಲ್ಲ, ಕಿವಿ ಹತ್ತರ!" ಎಂದೆ. ಡಾಕ್ಟರು ನನ್ನನ್ನು ಹೊರಗೆ ಕೂರಿಸಿದರು. ಆಮೇಲೆ ಒಳಗೆ ಕರೆದು ಹೇಳಿದರು: ಕಣ್ಣು ಚೆನ್ನಾಗಿಯೇ ಇವೆ. ಆದರೆ ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗದಲ್ಲಿ ಏನೋ ಒಂದು ಗಂಟು ಬೆಳೆದು ನರವನ್ನು ಒತ್ತುತ್ತಿರಬೇಕು. ಅದಕ್ಕೇ ಎದುರಿನದು ಕಾಣುತ್ತದೆ, ಎಡ ಬಲ ಕಾಣುವುದಿಲ್ಲ. ಬಿಟ್ಟರೆ ಎದುರಿನದೂ ಹೋಗುತ್ತದೆ. ಹೈದರಾಬಾದಿಗೆ ಹೋಗಿ.

ಬಸ್ಸಿನಲ್ಲಿ ಮುದಗಲ್ಲಿನ ಸಂತೆಗೆ ಹೋಗಿ ಬಂದವರ ಗದ್ದಲ. ಪಾರ್ವತಿ ಸೀಟಿನಲ್ಲಿ ಸುಮ್ಮನೆ ಕುಳಿತಿದ್ದಳು. ಮಸ್ಕಿ ಗುಡ್ಡ ಕಾಣತೊಡಗಿದಾಗ ನನ್ನ ತೋಳು ಹಿಡಿದಳು.

"ರೀ, ಹಂಗಾರ ಅವತ್ತು ಗ್ಯಾನಕ್ಕ ಅಲ್ಲೇ ನಿಂತಿದ್ದಳೇನು?"

"ಬಲಗಡೆ ನಿಂತಿದ್ದಳಂತ."

"ತಟ್ಟಿ ಹಿಡಕೊಂಡು?"

"ಹೌದು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕಣ್ಣು ಹೋಗುತ್ತದೆ ಎಂದಾಗ ಅಳದವಳು ಅದಕ್ಕೆ ಅತ್ತಳು.  ಹೋಗಿ ಹೇಳಿಬಿಡೋಣ ಎಂದೆ. ಬೇಡ ಅಂದಳು. ಈಗ ಹೇಳಿದರೆ ರೋಗದ ನೆಪ ಹೂಡಿದೆನೆಂದು ತಿಳಿಯುತ್ತಾಳೆ ಎಂದು ಅವಳ ಹೆದರಿಕೆ.

ತೊಂಬತ್ತೇಳನೇ ಇಸವಿ, ಶಿವರಾತ್ರಿಯ ಮುಂಚೆ ಹೈದರಾಬಾದಿಗೆ ಹೋದೆವು. ತಲೆಯೊಳಗಿನ ಫೋಟೋ ತೆಗೆದು ನೋಡಿದರೆ ಲಿಂಗಸುಗೂರಿನ ಡಾಕ್ಟರು ಹೇಳಿದ್ದೇ ನಿಜ. ಆಪರೇಷನ್ ಎಂದ ಕೂಡಲೇ ಪಾರ್ವತಿ ಜಡೆ ಹಿಡಿದುಕೊಂಡು ಕುಳಿತಳು. "ಗಂಡ ಎದುರಿಗೆ ಕುಂತಿರುವಾಗ ತಲಿ ಬೋಳಿಸಿಕೊಳ್ಳಾಕ ನಾ ಒಲ್ಲೆ. ಕಣ್ಣು ಹೋದ್ರ ಹೋಗಲಿ." ಅಲ್ಲಿನ ಡಾಕ್ಟರಿಗೆ ಉರ್ದು ಬರುತ್ತಿತ್ತು, ನನಗೂ ಬರುತ್ತಿತ್ತು, ನಮ್ಮಿಬ್ಬರ ಮಾತು ಅದರಲ್ಲೇ ನಡೆಯಿತು. ಅವರು ನಕ್ಕು ಒಂದು ಉದ್ದನೆಯ ಸಣ್ಣ ಕೊಳವೆ ತೋರಿಸಿದರು. ಪೆನ್ಸಿಲ್ಲಿಗಿಂತ ಸಣ್ಣದು, ತುದಿಗೆ ದೀಪ. ಒಂದು ಥರದ ದುರ್ಬೀನು. ಅದನ್ನು ಮೂಗಿನ ಹೊಳ್ಳೆಯಿಂದ ಒಳಕ್ಕೆ ಬಿಟ್ಟರೆ ತಲೆಬುರುಡೆಯ ತಳ ಟಿವಿಯಲ್ಲಿ ಕಾಣುತ್ತದಂತೆ. ಅಲ್ಲಿ ಎಲುಬಿಗೆ ಕಿಂಡಿ ಮಾಡಿ ಗಂಟನ್ನು ಚೂರು ಚೂರಾಗಿ ತೆಗೆಯುವುದು. ತಲೆಯ ಒಂದು ಕೂದಲನ್ನೂ ಮುಟ್ಟುವುದಿಲ್ಲ, ಮುಖದ ಮೇಲೆ ಗೀರೂ ಬೀಳುವುದಿಲ್ಲ. ಅವರಲ್ಲೂ ಈ ರೀತಿ ಹೊಸದಂತೆ. ಪಾರ್ವತಿ ಜಡೆ ಬಿಟ್ಟಳು. ಮೂಗುತಿ ತೆಗೆಯುವಾಗ ಮತ್ತೊಂದು ರಾಮಾಯಣವಾಯಿತು. ಮದುವೆಯಲ್ಲಿ ಹಾಕಿದ್ದು, ಒಮ್ಮೆಯೂ ತೆಗೆದಿರಲಿಲ್ಲ. ಆಯಾ ಕೊಬ್ಬರಿ ಎಣ್ಣೆ ಬಿಟ್ಟು ತಿರುವಿ ತಿರುವಿ ಬಿಚ್ಚಿದಳು. ನಾನು ಅದನ್ನು ನಶ್ಯದ ಡಬ್ಬಿಯಲ್ಲಿ ಇಟ್ಟುಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು. ಹೊರಗೆ ಕುಳಿತು ನಾನು ಎಷ್ಟು ದೇವರ ಹೆಸರು ಹೇಳಿದೆನೋ, ಅಷ್ಟು ದೇವರು ನನಗೆ ಗೊತ್ತಿದ್ದಾರೆಂದು ಆವತ್ತೇ ತಿಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಬೇರೆಯಾಗಿ ಕರೆದು ಹೇಳಿದರು. ಗಂಟು ತೆಗೆದ ಜಾಗದಲ್ಲಿ ಮಿದುಳಿನ ಸುತ್ತಲಿನ ನೀರು ತುಸು ಜಿನುಗಿತ್ತು. ತೊಡೆಯಿಂದ ಚೂರು ಕೊಬ್ಬು ತೆಗೆದು ಕಿಂಡಿಗೆ ಬಿರಡೆ ಹಾಕಿದ್ದೇವೆ. ಅದು ಕಚ್ಚಿಕೊಳ್ಳಲು ಆಪರೇಷನ್ ಆದ ದಿನದಿಂದ ಒಂದೂವರೆ ತಿಂಗಳು ಬೇಕು. ಅಲ್ಲಿಯವರೆಗೆ ಬಾಗಬಾರದು, ಭಾರ ಎತ್ತಬಾರದು, ಮೂಗು ಸೀಟಬಾರದು. ಮುಖ್ಯವಾಗಿ ಸೀನಬಾರದು. ತಡೆಯಲಾಗದೆ ಬಂದೇಬಿಟ್ಟರೆ ಬಾಯಿ ಅಗಲ ತೆರೆದು ಸೀನಬೇಕು. ಬಾಯಿ ಮುಚ್ಚಿ ಸೀನಿದರೆ ಬಿರಡೆ ಹಾರಬಹುದು. ಮೂಗಿನಿಂದ ತಿಳಿ ನೀರು ತೊಟ್ಟಿಕ್ಕಿದರೆ ನೆಗಡಿ ಎಂದುಕೊಳ್ಳಬೇಡಿ, ಆ ಕ್ಷಣ ಹೊರಟು ಬನ್ನಿ. ಅದರಿಂದ ಸೋಂಕು ಒಳಗೆ ಹೋದರೆ ಜೀವಕ್ಕೇ ಅಪಾಯ.

"ಸೀನು ಬರೋ ಅಭ್ಯಾಸ ಏನಾದ್ರೂ ಇದೆಯಾ?" ಎಂದು ಕೇಳಿದರು.

ನಾನು ನಶ್ಯದ ಡಬ್ಬಿಯಿದ್ದ ಕಿಸೆಯ ಮೇಲೆ ಕೈ ಇಟ್ಟುಕೊಂಡೆ. ಶಿವರಾತ್ರಿ ಮುಗಿದಿತ್ತು. ನಮ್ಮ ಮನೆಯೆದುರು ಖಾರದ ಒರಳು ಸಜ್ಜಾಗಿರುವ ಹೊತ್ತು.

ಊರಿಗೆ ಬಂದಾಗ ನಾನು ಹೆದರಿದಂತೆಯೇ ಆಗಿತ್ತು. ಗ್ಯಾನಮ್ಮನ ಅಂಗಳದ ತುಂಬ ಕೆಂಪು ರಾಶಿ. ಒನಕೆಗಳನ್ನು ತೊಳೆದು ಗೋಡೆಗೆ ನಿಲ್ಲಿಸಿದ್ದಳು, ಮರುದಿನ ಕುಟ್ಟಲು ಶುರು. ಪಾರ್ವತಿಯನ್ನು ಒಳಗೆ ಮಲಗಿಸಿ, ಸೈಕಲ್ ಹೊರಗೆ ತಂದು, ಚಕ್ರ ಒರೆಸುತ್ತ ದನಿ ಏರಿಸಿದೆ.

"ಕೇಳಲೇ ಸೈಕಲ್ಲ! ನಿಮ್ಮವ್ವಗ ಮೂಗಿನಾಗಿಂದ ತಲಿ ಆಪರೇಷನ್ ಆಗೇತಿ. ಒಳಗ ಬಿರಡಿ ಹಾಕ್ಯಾರ. ಯುಗಾದಿ ತನಕ ಸೀನಿದ್ರ ಜೀವಕ್ಕ ಕುತ್ತು ಅಂದಾರ. ಅಷ್ಟೇ ಅಲ್ಲಲೇ, ಎರಡು ವರ್ಷದಿಂದ ಆಕಿಗೆ ಬಾಜೂಕ ನಿಂತವರು ಕಾಣತಿದ್ದಿಲ್ಲಂತ. ಕುಬಸದ ದಿನಾನೂ ಕಂಡಿದ್ದಿಲ್ಲ."

ಗ್ಯಾನಮ್ಮ ಬೆಳ್ಳಿಗೆ ಸೊಪ್ಪು ಹಾಕುತ್ತಿದ್ದಳು. ಕೈ ನಿಂತಿತು. ಬೆಳ್ಳಿಯ ಕಿವಿ ಹಿಡಿದು ಹೇಳಿದಳು: "ಕೇಳಿದೇನು ಬೆಳ್ಳಿ? ಸೂಜಿ ಕಣ್ಣು ಕಾಣತೈತಂತ, ಬಾಜೂಕ ನಿಂತ ನನ್ನಂಥ ದಪ್ಪ ಹೆಂಗಸು ಕಾಣಂಗಿಲ್ಲಂತ! ತಲಿ ಆಪರೇಷನ್ ಅಂತ, ತಲಿಮ್ಯಾಲೆ ಗಾಯ ಇಲ್ಲಂತ!" ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗಾಯದ ಮಾತು ಬರೀ ಅವಳದಲ್ಲ. ಮೂಲೆಮನೆಯ ಅಯ್ಯಮ್ಮ ನೋಡಲು ಬಂದು ಪಾರ್ವತಿಯ ತಲೆಯನ್ನು ಹೇನು ನೋಡುವಂತೆ ಬೈತಲೆ ಬಿಡಿಸಿ ಬಿಡಿಸಿ ನೋಡಿದಳು. ಏನೂ ಸಿಗಲಿಲ್ಲ. ಗಾಯ ಎಲ್ಲಿದೆ ಎಂದು ಕೇಳಿದಳು. ಇರುವುದೊಂದು, ಅದು ತೊಡೆಯ ಮೇಲೆ ಎಂದೆ. "ಮೂಗಿನ ಆಪರೇಷನ್ನಿಗೆ ತೊಡಿಮ್ಯಾಲೆ ಗಾಯೇನೋ ಯಪ್ಪಾ?" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡು ಹೋದಳು. ಸಂಜೆಯೊಳಗೆ ಓಣಿಯ ತುಂಬ ನಾನು ಹೈದರಾಬಾದ್ ನೋಡಲು ಹೋಗಿ ಕಥೆ ಕಟ್ಟಿಕೊಂಡು ಬಂದವನಾದೆ.

ಮರುದಿನ ಬೆಳಿಗ್ಗೆ ಪಾರ್ವತಿಯ ಮೂಗಿಗೆ ಒದ್ದೆ ಬಟ್ಟೆ ಹಿಡಿದು ಒನಕೆಯ ಸದ್ದಿಗೆ ಕಾದೆ. ಸದ್ದಿಲ್ಲ. ಬಾಗಿಲು ತೆರೆದು ನೋಡಿದರೆ ಅಂಗಳ ಬರಿದು, ಗುಡಿಸಿ ನೀರು ಹೊಡೆದಿತ್ತು. ಬುಡ್ಡೇಸಾಬನ ಬಂಡಿಯ ಮೇಲೆ ಬಾಳೆಹಣ್ಣಿನ ಬದಲು ಮೆಣಸಿನಕಾಯಿ ಚೀಲ, ಕಟ್ಟಿಗೆಯ ಒರಳು, ಒನಕೆ. ಗ್ಯಾನಮ್ಮ ಹಿಂದಿನಿಂದ ನೂಕುತ್ತಿದ್ದಳು. ಊರ ಹೊರಗೆ, ಗುಡ್ಡದ ಬುಡದ ಬಯಲಿಗೆ. ಆ ಬಿಸಿಲಿನಲ್ಲಿ ನೆರಳಿಲ್ಲದ ಜಾಗಕ್ಕೆ!  

ಅವಳು ಅಷ್ಟಕ್ಕೇ ಬಿಡಲಿಲ್ಲ. ಸಂಜೆ ತಿರುಗಿ ಬಂದು, ಕೆರೆಯಲ್ಲಿ ಖಾರ ತೊಳೆದುಕೊಂಡ ಮೇಲೆಯೇ ಓಣಿಗೆ ಕಾಲಿಟ್ಟು, ಮನೆ ಮನೆ ಪಹರೆ ತಿರುಗತೊಡಗಿದಳು. ಒಗ್ಗರಣೆಗೆ ಯಾರೂ ಒಣಮೆಣಸಿನಕಾಯಿ ಹಾಕುವಂತಿಲ್ಲ. ಹಾಸಿಗೆ ಝಾಡಿಸುವಂತಿಲ್ಲ. ಅಯ್ಯಮ್ಮನ ಒಲೆಯ ಮೇಲಿಂದ ಚಟಪಟ ಎನ್ನುತ್ತಿದ್ದ ಒಗ್ಗರಣೆ ಸೌಟನ್ನೇ ಎತ್ತಿಕೊಂಡು ಹೋಗಿ ನೀರಿಗೆ ಅದ್ದಿದಳು. ಆಪರೇಷನ್ನೇ ಆಗಿಲ್ಲ ಅಂದವಳು ನೀನೇ ಅಲ್ಲವಾ ಎಂದು ಅಯ್ಯಮ್ಮ ಹಾರಾಡಿದಾಗ ಗ್ಯಾನಮ್ಮ ಹೇಳಿದ್ದು ನನಗೆ ಕೇಳಿಸಿತು: "ಆಗೇತೋ ಇಲ್ಲೋ ದೇವರಿಗೆ ಗೊತ್ತು. ಜೀವದ ಮಾತು ಬ್ಯಾರೆ, ಕುಂಕುಮದ ಮಾತು ಬ್ಯಾರೆ."

ಮರುದಿನ ಬೆಳ್ಳಿಗೆ ಹೇಳಿದಳು, "ಊರಿಗೆಲ್ಲ ಬುದ್ಧಿ ಹೇಳೋ ಸೈಕಲ್ ಶಾಪಿನವರು ತಮ್ಮ ನಶ್ಯದ ಡಬ್ಬಿ ಮಾತ್ರ ಕಿಸೆದಾಗ ಇಟ್ಟಾರ ನೋಡು!" ಎಂದು. ಅದರೊಳಗಿದ್ದ ಪಾರ್ವತಿಯ ಮೂಗುತಿ ತೆಗೆದಿಟ್ಟು, ಡಬ್ಬಿಯನ್ನು ಬುಡ್ಡೇಸಾಬನ ಕೈಗೆ ಕೊಟ್ಟೆ. ನಶ್ಯ ಬಿಟ್ಟ ಮೊದಲ ವಾರ ನಾನು ಬಿಚ್ಚಿದ ಚೈನುಗಳನ್ನು ಯಾವ ಸೈಕಲ್ಲಿಗೆ ಹಾಕಿದೆನೋ ನನಗೇ ತಿಳಿಯಲಿಲ್ಲ.

ಪಾರ್ವತಿಗೆ ಎಡ ಬಲ ಕಾಣುತ್ತದೋ ಇಲ್ಲವೋ ಎಂದು ನಾನು ಆಗಾಗ ಪಕ್ಕದಿಂದ ಕೈ ಬೀಸಿ ನೋಡುತ್ತಿದ್ದೆ. "ಮಸುಕು ಮಸುಕು. ಸುಮ್ಮನಿರ್ರಿ" ಎನ್ನುತ್ತಿದ್ದಳು. ಕಾಣುತ್ತದೆ ಎಂದು ಹೇಳಲು ಅವಳಿಗೆ ಭಯ. ಹೇಳಿದ ಮರುದಿನವೇ ಹೋಗಿಬಿಟ್ಟರೆ? ದಿನವೂ ಕಿಟಕಿಯ ಹತ್ತಿರ ಕುಳಿತು ಬರಿದಾದ ಎದುರು ಅಂಗಳವನ್ನು ನೋಡುತ್ತಿದ್ದಳು. "ಆಕಿ ನನ್ನ ಸಲುವಾಗಿ ಬಿಸಿಲಾಗ ಸುಡಾಕತ್ತಾಳ. ಒಂದು ಮಾತು ಆಡವಲ್ಲಳು" ಎಂದು ಕೊರಗುತ್ತಿದ್ದಳು.

ಯುಗಾದಿ ಸಮೀಪಿಸಿತ್ತು. ಆವತ್ತು ಗ್ಯಾನಮ್ಮ ಕೆಲಸಕ್ಕೆ ಬಿಡುವು ಕೊಟ್ಟು ಮನೆಯಲ್ಲಿದ್ದಳು. ಬೆಳಗಿನ ತಂಪಿಗೆ ಪಾರ್ವತಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ದೊಡ್ಡ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಿದ್ದರಿಂದ ಸಿಂಧನೂರಿಗೆ ಹೊರಟ ಟ್ರ್ಯಾಕ್ಟರೊಂದು ನಮ್ಮ ಓಣಿಗೆ ನುಗ್ಗಿತು. ಟ್ರೇಲರ್ ತುಂಬ ಒಣಮೆಣಸಿನಕಾಯಿ ಚೀಲ. ಗ್ಯಾನಮ್ಮನ ಮನೆಯ ತಗಡಿನ ತುದಿಗೆ ಒಂದು ಚೀಲ ಸಿಕ್ಕು ಹರಿಯಿತು. ಮೆಣಸಿನಕಾಯಿ ಸುರಿದವು, ಹಿಂದಿನ ಗಾಲಿ ಅವುಗಳ ಮೇಲೆ ಹಾಯಿತು, ಕೆಂಪು ಧೂಳು ಎದ್ದಿತು.

ಓಣಿಯ ಬಾಗಿಲುಗಳೆಲ್ಲ ತೆರೆದವು. ಇಷ್ಟು ದಿನ ಸಪ್ಪೆ ಸಾರು ಉಂಡವರೆಲ್ಲ ಹೊರಗೆ ಬಂದರು. ಪಾರ್ವತಿ ಒಂದು ಸಲ ಉಸಿರು ಎಳೆದುಕೊಂಡಳು. ಎರಡನೆಯ ಸಲ ಎಳೆದುಕೊಂಡಳು. ಕಣ್ಣು ಮುಚ್ಚಿದಳು.

"ಬಾಯಿ ತೆಗೀ!" ಎಂದು ಕೂಗಿದೆ. ಅಯ್ಯಮ್ಮನೂ ಬುಡ್ಡೇಸಾಬನೂ ಕೂಗಿದರು. ಇಡೀ ಓಣಿ ತಾನೇ ಬಾಯಿ ಅಗಲಿಸಿ ನಿಂತಿತು. ಪಾರ್ವತಿ ಬಾಯಿ ತೆರೆದಳು.

ಆ ಸೀನು ಹೇಗಿತ್ತೆಂದರೆ ಟ್ರ್ಯಾಕ್ಟರಿನವನು ಟೈರ್ ಒಡೆಯಿತೆಂದು ಕೆಳಗಿಳಿದ. ಬೆಳ್ಳಿ ಹಗ್ಗ ಹರಿದುಕೊಂಡು ಓಡಿತು.

ನಾನು ಅವಳ ಮುಂದೆ ಮಂಡಿಯೂರಿ ಕುಳಿತು ಮೂಗಿನ ಕೆಳಗೆ ಬಿಳಿ ಬಟ್ಟೆ ಹಿಡಿದೆ.  ಇವಳು ಹೋದರೆ ನಾನು ಯಾರ ಮೇಲೆ ಸಿಟ್ಟು ಮಾಡಲಿ, ಯಾರಿಗೆ ಕಾಯಲಿ ಎಂದುಕೊಂಡೆ. ಬಟ್ಟೆಯ ಮೇಲೆ ಒಂದು ತಿಳಿ ಹನಿ ಬಿತ್ತು. ನನ್ನ ಜೀವ ಹಾರಿತು.

"ಅದು ಕಣ್ಣೀರ್ರಿ. ಖಾರ ಹತ್ತೇತಿ" ಎಂದಳು ಪಾರ್ವತಿ.

ಬಟ್ಟೆ ಬದಲಿಸಿ ಹಿಡಿದೆ. ಕಾದೆವು.  ಮೂಗಿನಿಂದ ಏನೂ ಬರಲಿಲ್ಲ, ಬಟ್ಟೆ ಒಣಗಿದ್ದು ಒಣಗಿದಂತೆಯೇ ಇತ್ತು.

ಪಾರ್ವತಿ ಕತ್ತು ಹೊರಳಿಸಲಿಲ್ಲ. ನನ್ನ ಮುಖವನ್ನೇ ನೋಡುತ್ತ ಹೇಳಿದಳು: "ಗ್ಯಾನಕ್ಕನ ಕೈಯಾಗಿನ ಅರಿವಿ ಇಸ್ಕೊಳ್ರಿ. ಸೀರಿಮ್ಯಾಲೆ ಸೋರಾಕತ್ತೈತಿ."

ನಾನು ತಿರುಗಿ ನೋಡಿದೆ. ಪಾರ್ವತಿಯ ಬಲಕ್ಕೆ ಗ್ಯಾನಮ್ಮ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಯಾವಾಗ ಓಡಿ ಬಂದಳೋ ನನಗೇ ಗೊತ್ತಿರಲಿಲ್ಲ. ಅವಳು ಅತ್ತ ಇತ್ತ ಬೆಳ್ಳಿಯನ್ನು ಹುಡುಕಿದಳು. ಬೆಳ್ಳಿ ಓಣಿಯಲ್ಲೇ ಇರಲಿಲ್ಲ. ಬೇರೆ ದಾರಿಯಿಲ್ಲದೆ ಅವಳು ಕೈ ಎತ್ತಿ, ನಿಂತಲ್ಲಿಂದಲೇ ನನ್ನ ಹೆಂಡತಿಯನ್ನು ಕೇಳಿದಳು.

"ಎಷ್ಟು ಬೆರಳು?"

"ಮೂರು. ಯಾಕ ನಡುಗಾಕತ್ತಾವ?" ಎಂದಳು ಪಾರ್ವತಿ, ನನ್ನ ಕಡೆಯೇ ನೋಡುತ್ತ.

ಗ್ಯಾನಮ್ಮ ಸರಕ್ಕನೆ ತಿರುಗಿ ತನ್ನ ಮನೆಗೆ ಹೋದಳು. ಮತ್ತೆ ಸಿಟ್ಟು ಬಂತೇ ಎಂದುಕೊಂಡೆ. ಹೋದ ವೇಗದಲ್ಲೇ ತಿರುಗಿ ಬಂದಳು, ಕೈಯಲ್ಲಿ ಕುಂಕುಮದ ತಟ್ಟೆ. ಎದುರಿಗೆ ಬರಲಿಲ್ಲ. ಅದೇ ಬಲಕ್ಕೆ, ಕುಬಸದ ದಿನ ನಿಂತಷ್ಟೇ ದೂರದಲ್ಲಿ, ತಟ್ಟೆ ಹಿಡಿದು ನಿಂತಳು. ಬಾಯಿ ಬಿಡಲಿಲ್ಲ.

ಪಾರ್ವತಿಯ ಮುಖ ನನ್ನ ಕಡೆಗೇ ಇತ್ತು. ಅವಳ ಬಲಗೈ ಮಾತ್ರ ಎದ್ದು, ತಡವರಿಸದೆ, ನೆಟ್ಟಗೆ ತಟ್ಟೆಗೆ ಹೋಯಿತು. ಕುಂಕುಮ ತೆಗೆದುಕೊಂಡು ಮೊದಲು ತಾನು ಹಚ್ಚಿಕೊಂಡಳು. ಆಮೇಲೆ ಗ್ಯಾನಮ್ಮನನ್ನು ಹತ್ತಿರ ಕರೆದು ಅವಳ ಹಣೆಗೆ ಹಚ್ಚಿದಳು.

"ಅವತ್ತು ಕಂಡಿದ್ದಿಲ್ಲಕ್ಕ. ನಿನ್ನಾಣೆಗೂ ಕಂಡಿದ್ದಿಲ್ಲ."

"ಗೊತ್ತಾತು ಬಿಡ. ನನ್ನಂಥ ದಪ್ಪಾಕಿ ಕಾಣಲಿಲ್ಲ ಅಂದ್ರ ಹೆಂಗ ನಂಬಬೇಕಿತ್ತು ಹೇಳು" ಎಂದಳು ಗ್ಯಾನಮ್ಮ. ನಗಲು ಹೋಗಿ ಅತ್ತಳು. ಅವಳು ಅತ್ತದ್ದು ಖಾರಕ್ಕೆ ಎಂದು ಅಯ್ಯಮ್ಮ ಈಗಲೂ ವಾದಿಸುತ್ತಾಳೆ.

ಯುಗಾದಿಯ ಮರುವಾರ ಲಿಂಗಸುಗೂರಿನ ಡಾಕ್ಟರು ಮತ್ತೆ ಕೈ ಅಗಲಿಸಿ ಕುಳಿತರು. ಅವರು ಬೆರಳಾಡಿಸಿದ ಕೂಡಲೇ ಪಾರ್ವತಿ ಹೇಳಿದಳು. ಮೂಗುತಿ ಮೂಗಿಗೆ ಏರಿತು, ಗ್ಯಾನಮ್ಮನ ಒರಳು ಅಂಗಳಕ್ಕೆ ಬಂತು, ಬುಡ್ಡೇಸಾಬ್ ಡಬ್ಬಿ ಹಿಂದಿರುಗಿಸಿದ. ನಶ್ಯವನ್ನೆಲ್ಲ ಅವನೇ ಮುಗಿಸಿದ್ದ. ಎದುರು ಬದುರು ಕಟ್ಟೆಗಳಲ್ಲಿ ಆ ಇಬ್ಬರೂ ಎರಡು ವರ್ಷದ ಬಾಕಿ ಮಾತನ್ನೆಲ್ಲ ಆಡಿ ಮುಗಿಸುವ ಹಟ ಹಿಡಿದಿದ್ದಾರೆ. ನನಗೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿಲ್ಲ. ಬೆಳ್ಳಿಗೆ ಮಾತ್ರ ಈಗ ಯಾರೂ ಏನೂ ಹೇಳುವುದಿಲ್ಲ. ಸಂಜೆಯಾದರೆ ಅದು ಬಂದು ಇಬ್ಬರ ನಡುವೆ ನಿಂತು, ಕಿವಿ ನಿಮಿರಿಸಿಕೊಂಡು ತುಸು ಹೊತ್ತು ಕಾಯುತ್ತದೆ.